ಎಡಗಡೆ ಮಡ್ಗಾರ್ಡು

ಗುತ್ತಲಿನ ಗುಜರಿಯಲ್ಲಿ ತೂಕಕ್ಕೆ ನಿಂತಿತ್ತು
ಅರವತ್ತೊಂದರ ಬೆಡ್‌ಫರ್ಡ್ ಲಾರಿ.
ಕಬ್ಬು ಹೊತ್ತು ಬಾಗಿದ ಬೆನ್ನು, ದೀಪ ಕಿತ್ತ ಮುಖ.
"ಕಬ್ಬಿಣಕ್ಕೆ ಕಾಸು, ತುಕ್ಕು ಬಿಟ್ಟಿ" ಅಂದ ಅಮೀರ್ ಜಾನ್.
ತುಕ್ಕೇ ಜಾಸ್ತಿ ಇತ್ತು.

ನಾನು ನೀರಗಂಟಿ. ಮೂವತ್ತೊಂದು ವರ್ಷ ನಾಲೆಯ ತೂಬು ಕಾದವನು.
ಏಡಿ ಕೊರೆದ ತೂತಿಗೆ ಜೇಡಿ ಮೆತ್ತುವುದು,
ಗೋಣಿ ತುರುಕಿ ಮೆಟ್ಟುವುದು, ಇಷ್ಟು ಬಲ್ಲೆ.
ಬೆಂಕಿಯ ಕೆಲಸ ರಿಟೈರಾದ ಮೇಲೆ ಬಂದದ್ದು.

ಎರಡು ಮಡ್ಗಾರ್ಡನ್ನೂ ಬಿಚ್ಚಿ
ಕಾಕಂಬಿ ನೀರಿನಲ್ಲಿ ಮುಳುಗಿಸಿದೆ, ಹತ್ತೊಂಬತ್ತು ದಿನ.
ಕಾರ್ಖಾನೆಗೆ ಕಬ್ಬು ಸಾಗಿಸಿದ್ದ ತಗಡು
ಕಾರ್ಖಾನೆಯ ಎಂಜಲಲ್ಲೇ ಮಿಂದಿತು.
ಓಣಿಗೆಲ್ಲ ಹುಳಿ ನಾತ. ಡ್ರಮ್ಮಿನ ಸುತ್ತ
ಇರುವೆಗಳ ಊರು.

ಎತ್ತಿದಾಗ ಬಲಗಡೆಯದು ಬೂದು ಬಣ್ಣದ ಜರಡಿ.
ಕತ್ತರಿಸಿದೆ, ಹೊಸ ತಗಡು ಕೂರಿಸಿದೆ,
ಅಡಿಗೆ ಹಳೇ ಹಂಡೆಯ ತಾಮ್ರದ ತಳ ಒತ್ತು ಕೊಟ್ಟು
ಕಡ್ಡಿ ತಾಗಿಸಿದೆ.
ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ,
ನಡುವೆ ಒದ್ದೆ ಬಟ್ಟೆ, ನಡುವೆ ಬೀಡಿ.
ಅವಸರಪಟ್ಟರೆ ತಗಡು ಹಪ್ಪಳದಂತೆ ಮುದುಡುತ್ತದೆ,
ಅಥವಾ ಕರಗಿ, ಮುಚ್ಚಬೇಕಾದ ತೂತೇ
ಬಾಯಿ ಅಗಲಿಸಿ ನಗುತ್ತದೆ.

"ಏನ್ಲಾ ಶಿವಲಿಂಗ" ಅಂತ ಕಾಂಪೌಂಡಿನಾಚೆಯಿಂದ ಚಿಕ್ಕತಾಯಮ್ಮ,
"ನಮ್ಮನೆ ಬಲ್ಬು ಕಣ್ ಹೊಡೀತಾ ಅದೆ ನಂಗೆ,
ಸೀರಿಯಲ್ಲು ಮುಗಿಯೋಗಂಟ ಸುಮ್ಕಿರು."
ಸುಮ್ಮನಿದ್ದೆ. ಒಂಬತ್ತೂವರೆಗೆ ಮತ್ತೆ ಹಚ್ಚಿದೆ.
ರಾತ್ರಿ ಕಣ್ಣಿಗೆ ಮರಳು ಸುರಿದ ಉರಿ.
ಸೌತೆ ಬಿಲ್ಲೆ ಇಟ್ಟಳು ಇವಳು, ಬೈಯುತ್ತ:
"ಕನ್ನಡಿ ಮುಖಕ್ಕೆ ಹಿಡ್ಕೊಳೋದು, ಕೈಗಲ್ಲ."

ನನ್ನ ಬೆಸುಗೆ ಕೋಳಿ ಹಿಕ್ಕೆ.
ಒಪ್ಪುತ್ತೇನೆ. ಗ್ರೈಂಡರ್ ಇದೆ, ಪುಟ್ಟಿ ಇದೆ,
ರೆಡ್ ಆಕ್ಸೈಡ್ ಎಲ್ಲ ಪಾಪವನ್ನೂ ಹೊದೆಯುತ್ತದೆ.

ಆಮೇಲೆ ಎಡಗಡೆಯದು.
ಚಕ್ರದ ಕಡೆಯ ಒಳಮೈಯಲ್ಲಿ, ಡಾಂಬರು ಕೆರೆದಾಗ,
ಒಂದು ತೇಪೆ. ಯಾರೋ ಗ್ಯಾಸಿನಲ್ಲಿ ಕೂರಿಸಿದ್ದು.
ಸುತ್ತ ಬೆಸುಗೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು,
ಒಂದೂ ತಪ್ಪಿಲ್ಲ.
ಹೀಗೆ ಎಳೆಯುತ್ತಿದ್ದವನು ಚೌರಪ್ಪ ಒಬ್ಬನೇ,
ಪೇಟೆಬೀದಿಯ ಸೌದೆ ಡಿಪೋ ಪಕ್ಕದವನು.
ಸುತ್ತಲ ತಗಡೆಲ್ಲ ಉದುರಿದೆ. ತೇಪೆ ಮಾತ್ರ ಗಟ್ಟಿ.
ಕೆರೆದೆ. ನೀಲಿ ಎನಾಮೆಲ್ಲು.
ನೀಲಿಯ ಮೇಲೆ ಬಿಳಿ ಅಕ್ಷರ, ಮೂರೇ ಮೂರು:
ಈಜಬಾ

ಕೂತುಬಿಟ್ಟೆ.
"ನಾಲೆಯಲ್ಲಿ ಈಜಬಾರದು."
ಏಳನೇ ತೂಬಿನ ಬೋರ್ಡು. ತೊಂಬತ್ತೆರಡರಲ್ಲಿ ಕಾಣೆಯಾಗಿ
ನನ್ನ ಸಂಬಳದಲ್ಲಿ ನಲವತ್ತು ರೂಪಾಯಿ ಹಿಡಿದದ್ದು.
ಮೂರು ಹಳ್ಳಿ ಹುಡುಕಿದ್ದೆ, ದನ ಕಾಯುವ ಹುಡುಗರಿಗೆ ಹೊಡೆದಿದ್ದೆ.
ಅದು ಇಲ್ಲಿ, ಚಕ್ರದ ತಲೆಯ ಮೇಲೆ,
ಇಷ್ಟು ವರ್ಷ ರಸ್ತೆಯ ಕೆಸರಲ್ಲಿ
ಈಜಿ, ಈಜಿ.

ಚೌರಪ್ಪನನ್ನು ಕೇಳೋಣವೆಂದರೆ ಅವನಿಲ್ಲ.
ಆ ಹುಡುಗರೂ ಈಗ ಹುಡುಗರಲ್ಲ.

ತೇಪೆಯನ್ನು ಮುಟ್ಟಲಿಲ್ಲ.
ಅದರ ಸುತ್ತ ಕೊಳೆತದ್ದನ್ನು ಕತ್ತರಿಸಿ,
ಹೊಸ ತಗಡನ್ನು ಅದಕ್ಕೇ ತಂದು ಬೆಸೆದೆ.
ಅವನ ಹುರುಪೆಯ ಪಕ್ಕ ನನ್ನ ಹಿಕ್ಕೆ. ಉಜ್ಜಲಿಲ್ಲ.
ಹೊರಗೆ ಹಸಿರು ಬಣ್ಣ; ಒಳಗೆ, ಅಕ್ಷರ ಬಿಟ್ಟು,
ಮತ್ತೆ ಡಾಂಬರು.

ಬೆಳಿಗ್ಗೆ ನೋಡಿದರೆ, ಎಷ್ಟು ತೊಳೆದಿದ್ದರೂ,
ಬೆಸುಗೆಯ ಗೆರೆ ಹಿಡಿದು ಇರುವೆಗಳು ಹೋಗುತ್ತಿವೆ,
ನಾನು ವಕ್ರವಾದಲ್ಲೆಲ್ಲ ವಕ್ರವಾಗಿ.