ಸಾಕಿನ್

ಖಾನಾಪುರ ತಹಶೀಲದಾರ ಕಚೇರಿ ಕಂಪೌಂಡಿಗೆ ಹತ್ತಿ
ಹುಣಸಿ ನೆರಳಾಗ ನನ್ನ ಟೇಬಲ್, ಒಂದು ಟೈಪ್‌ರೈಟರ್.
ಅದರಾಗ 'ಅ' ಮೂಡಂಗಿಲ್ಲ. ಪೆನ್ನಿಲೆ ಕೂಡಸತೀನಿ.

ಮಂಗಳವಾರ ಹನ್ನೊಂದಕ್ಕ ಬಂದು ಕುಂತ
ಪಾಯಗೊಂಡ ಚೌಗಲಾ, ವಯಸ್ಸು ಅರವತ್ತೊಂದು,
ಕರೆಂಟಿನ ಮೀಟರ್ ಓದಾಂವ ಆಗಿದ್ದ, ಮೂವತ್ತಮೂರು ವರ್ಷ.
ಇಸ್ತ್ರಿ ಅಂಗಿ. ಕಿಸೆದಾಗ ಎರಡು ಪೆನ್ನು.
"ಒಂದು ಅಫಿಡವಿಟ್ ಬೇಕ್ರಿ ಬಾಯಾರ.
ನಾ ಸಮಾಜ ಬಿಟ್ಟು ಕಾಡಿಗೆ ಹೊಂಟೀನಿ.
ಕಾಯ್ದೆಶೀರ ಹೋಗಬೇಕು. ಓಡಿ ಹೋದಾ ಅನಬಾರದು."

ಸಾಲ? ಇಲ್ಲ. ಜಗಳ? ಇಲ್ಲ.
ಗುರುಗಳು, ದೀಕ್ಷೆ? "ದೇವರ ಜೋಡಿ ನಂದೇನೂ ಇಲ್ರಿ."
ಹಂಗಾದ್ರ ಯಾಕ?
ಅಂವ ಹುಣಸಿಗಿಡ ನೋಡಿದ.
"ಎಲ್ಲಾರ ಮನಿ ಗೋಡಿ ಮುಂದೂ ನಿಂತೀನಿ.
ಒಳಗ ಕರೀಲಿಲ್ಲ ಅಂತಲ್ಲ, ಚಾ ಕೊಟ್ಟಾರ.
ಆದ್ರ ಚಕ್ರ ತಿರಗೂದು ನೋಡಿ ನೋಡಿ
ನಿದ್ದಿಯೊಳಗೂ ಯೂನಿಟ್ ಎಣಸತೀನಿ.
ಮೀಟರ್ ಇಲ್ಲದ ಕತ್ತಲಾ ಒಂದು ನೋಡಬೇಕು."

ನಾ ಹಾಳಿ ಏರಿಸಿದೆ.
ಇಪ್ಪತ್ತಾರು ವರ್ಷ ಬರದೀನಿ: ವಾಟ್ನಿ, ಬಕ್ಷೀಸ, ಹೆಸರು ಬದಲಿ,
ಬಿಟ್ಟುಕೊಟ್ಟಿದ್ದು, ಬಿಡಿಸಿಕೊಂಡಿದ್ದು.
ಇದಕ್ಕ ನಮೂನೆ ಇಲ್ಲ.
ಹುಟ್ಟಿದ್ದಕ್ಕ ಐತಿ, ಸತ್ತಿದ್ದಕ್ಕ ಐತಿ,
ಕಳದು ಹೋದವರಿಗೆ ಪೊಲೀಸ್ ಠಾಣೆದಾಗ ಐತಿ,
ತಾನಾಗೇ ಕಳಕೊಳ್ಳಾಂವಗ ಇಲ್ಲ.

ವಕೀಲ ಹಣಬರ ಸಾಹೇಬರನ್ನ ಕೇಳಿದೆ. ಎಲಿ ಜಗೀತಿದ್ರು.
"ಊರು ಬಿಡಬ್ಯಾಡ ಅಂತ ಯಾವ ಕಲಮಿನಾಗೂ ಇಲ್ಲ.
ಆದ್ರ ಬಿಟ್ಟು ನಿಂದ್ರಾಕ ಜಾಗ ಬೇಕಲ್ಲ?
ಕಾಡಂದ್ರ ಸರಕಾರದ್ದು. ಮಲಗಿದ್ರ ಅತಿಕ್ರಮಣ,
ಒಲಿ ಹೂಡಿದ್ರ ಗುನ್ನೆ.
ಗಿಡ ಹತ್ತಿ ಕುಂತ್ರ? ಗಿಡಕ್ಕೂ ನಂಬರ್ ಹೊಡದಾರ."
ಉಗುಳಿ ಬಂದು ಮತ್ತ ಹೇಳಿದ್ರು:
"ಇಬ್ಬರು ಸಾಕ್ಷಿ ತರಾಕ ಹೇಳು. ಸಮಾಜದವರಾಗಿರಬೇಕು."

'ರಣ್ಯ' ಅಂತ ಮೂಡಿತು.
ಮುಂದ 'ಅ' ಕೂಡಸಿದೆ, ನೀಲಿ ಶಾಯಿಲೆ.

ಅಷ್ಟರಾಗ ಭಾಗೂಬಾಯಿ ಝೋರೆ ಬಂದ್ಲು,
ಎಮ್ಮಿ ವಾಸನಿ, ಹೆಗಲ ಮ್ಯಾಲೆ ಕಂಬಳಿ, ಮಗ್ಗಲದಾಗ ಫಾರೆಸ್ಟ್ ಗಾರ್ಡ್.
ಅಭಯಾರಣ್ಯದ ಒಳಗಿನ ಹದಿನಾಲ್ಕು ಮನಿ
ಒಪ್ಪಿಗಿಲೆ ಹೊರಗ ಬರತಾವಂತ:
ರೊಕ್ಕ, ಪ್ಲಾಟು, ಕರೆಂಟು.
ಅಕೀ ಪತ್ರ ಅಚ್ಚಾಗೇ ಬಂದಿತ್ತು.
ಹೆಬ್ಬಟ್ಟಿಗೆ ಜಾಗಾನೂ ಬಿಟ್ಟಿದ್ರು.
ಕಾಡು ಬಿಡಾಕ ನಮೂನೆ ಐತಿ.

ಒಂದೇ ಬಾಕಿನ ಮ್ಯಾಲೆ ಇಬ್ಬರೂ ಕುಂತ್ರು.
ಅಂವ ಕೇಳಿದ, ಅಕೀ ಮರಾಠಿಯೊಳಗ ಹೇಳಿದ್ಲು:
ಯಾವ ಹಳ್ಳ ಮಾಘಕ್ಕ ಬತ್ತತೈತಿ,
ಕರಡಿ ಎದುರಾದ್ರ ಯಾವ ಕಡೆ ಸರೀಬೇಕು,
ಮಳಿಗಾಲದಾಗ ಕೆಂಡ ಹೆಂಗ ಮುಚ್ಚಿಡಬೇಕು.
ಆಮೇಲೆ ತಡದು ಅಂದ್ಲು:
"ಉಪ್ಪಿಗೆ ಮಾತ್ರ ಬರಬೇಕಾಗತೈತಿ, ದಾದಾ.
ನಮ್ಮಜ್ಜಿನೂ ಬರತಿದ್ಲು."

ಅಕೀಗೆ ಒಬ್ಬ ಸಾಕ್ಷಿ ಕಡಿಮಿ ಬಿತ್ತು.
ಪಾಯಗೊಂಡ ಎರಡನೇ ಪೆನ್ನು ತಗದು ಸಹಿ ಮಾಡಿದ,
ಮೀಟರ್ ಬುಕ್ಕಿನಾಗ ಮಾಡಿದಂಗ, ಸಣ್ಣದಾಗಿ, ತಾರೀಕು ಸಹಿತ.
"ಹೊಸ ಮನ್ಯಾಗ ಒಂದು ಡಬ್ಬಿ ಹಚ್ಚತಾರ.
ಒಳಗ ಕೆಂಪು ದೀಪ ಮಿಣಕತೈತಿ, ಅಂಜಬ್ಯಾಡ್ರಿ" ಅಂದ.
"ಅದು ಎಣಸತಿರತೈತಿ, ಅಷ್ಟ."

ಅವನ ಹಾಳಿ ಇನ್ನೂ ಮಶೀನಿನಾಗಿತ್ತು.
ಹೆಸರು ಆತು, ತಂದಿ ಹೆಸರು ಆತು, ಧಂದೆ ಆತು.
"ಸಾಕಿನ್?" ಅಂದೆ. ಇನ್ನ ಮುಂದ ಎಲ್ಲಿರತೀರಿ, ಬರೀಬೇಕಲ್ಲ.
ಅಂವಗ ಬ್ಯಾರೆ ಕೇಳಿಸಿತೇನೋ.
"ಹೂಂ. ಸಾಕಿನ್ನ," ಅಂದ. ಎದ್ದ.
ಅರ್ಧ ಹಾಳಿಗೂ ಪೂರ್ತಿ ರೊಕ್ಕ ಎಣಿಸಿ ಇಟ್ಟ.

ಆ ಹೊತ್ತಿಗೆ ಸ್ಟ್ಯಾಂಡಿನಿಂದ ಎರಡು ಬಸ್ಸು ಹೊಂಡತಾವು,
ಒಂದು ಬೆಳಗಾವಿಗೆ, ಒಂದು ಹೆಮ್ಮಡಗಾಗೆ.
ನಾ ತಲಿ ಎತ್ತಲಿಲ್ಲ. ಗಿರಾಕಿ ಇದ್ರು.

ಹಾಳಿ ಡ್ರಾದಾಗ ಐತಿ. 'ಸಾ:' ಮುಂದ ಖಾಲಿ.
ಸಂಜೀಕ ಕಿರಾಣಿ ಅಂಗಡ್ಯಾಗ ಉಪ್ಪಿನ ಪಾಕೀಟು ತಗೊಳ್ಳುವಾಗ
ಹಿಂದ ಯಾರರ ಇಸ್ತ್ರಿ ಮುರದ ಅಂಗಿಯವರು ನಿಂತಾರೇನು ಅಂತ
ಒಮ್ಮೊಮ್ಮೆ ತಿರುಗಿ ನೋಡತೀನಿ.