ಎರಡು ಇಂಚು

ಕೆಡವುತಾರಂತ ಸುದ್ದಿ ಬಂದ ದಿನ ನಾನಾ ಕೇಳಿಕೊಂಡು ಹೋದೆ,
ಗಂಗಾವತಿ, ಕನಕಗಿರಿ ರೋಡಿನ ಆ ಹಳೇ ನರ್ಸಿಂಗ್ ಹೋಮಿಗೆ.
ಛತ್ತು ಕಟ್ಟಿದವ ನಾನು, ಬಿಚ್ಚಾಕ ಬ್ಯಾರೆಯವ ಯಾಕ?
ಗುತ್ತೇದಾರ ಯಂಕೋಬ ನಕ್ಕ:
"ಏನ್ ಶಾಮೀದಸಾಬ, ಹದಿನೆಂಟು ವರ್ಷದ ಬಾಡಿಗಿ ಕೇಳಾಕ ಬಂದಿಯೇನು?"

ಬಾಡಿಗಿ ಅಲ್ಲ.
ಮ್ಯಾಗ ಒಂದು ಲೆಕ್ಕ ಬಾಕಿ ಐತಿ.

ಹೆರಿಗಿ ಕೋಣಿ. ಮೂಲ್ಯಾಗ ಗುಲಾಬಿ ಹೂವು,
ಅಂಗೈ ಅಗಲದ್ದು, ನಾನಾ ಎರೆದು ಮಾಡಿದ್ದು.
ಎಂಥಾ ಕೈ ಮಾರಾಯ ನಿಂದು, ಅಂದಿದ್ರು ಡಾಕ್ಟರು.
ನನಗೊಬ್ಬಗ ಗೊತ್ತಿತ್ತು ಅದು ಹೂವಲ್ಲ, ತ್ಯಾಪಿ.
ಹಲಗಿ ಎರಡಿಂಚು ಗಿಡ್ಡ ಕೊಯ್ದಿದ್ದೆ.
ಮುಚ್ಚಾಕ ಮಾಡಿದ ಆ ಹೂವಿನ ಕೆಳಗ
ಎಷ್ಟು ಹೆಂಗಸರು ಹಲ್ಲು ಕಚ್ಚಿ ಮಲಗಿದ್ರೋ
ಅದನ್ನಾ ದಿಟ್ಟಿಸಿ,
ಎಷ್ಟು ಕೂಸು ಕಣ್ಣು ಪಿಳುಕಿಸಿದಾಗ ಮೊದಲು ಕಂಡದ್ದು
ನನ್ನ ತಪ್ಪು.

ಸ್ಕ್ರೂ ಬಿಚ್ಚಿದೆ. ಹಲಗಿ ಇಳೀತು,
ಬಾಣಂತಿನ್ನ ಇಳಿಸಿದಂಗ, ಇಬ್ಬರು ಹಿಡಿದು, ಮೆಲ್ಲಕ.
ಬೆನ್ನಿನ ಕಾಗದದ ಮ್ಯಾಲ ನನ್ನ ಪೆನ್ಸಿಲ್ಲು ಹಾಂಗಾ ಐತಿ:
ಏಳಡಿ ನಾಕಿಂಚು.
ನೆಟ್ಟಗ ಬರದಾನ ಮಗ, ಕೊಯ್ಯುವಾಗ ಎಲ್ಲಿದ್ದನೋ.
ಪಕ್ಕಕ್ಕ ಚಾದ ಲೆಕ್ಕ, ಒಂಬತ್ತು ಕಪ್ಪು.
ಹಲ್ಲಿ ತತ್ತಿ ಸಿಪ್ಪಿ ಎರಡು, ಹಗೂರ.

ಅಕ್ಕಿ ಮಿಲ್ಲಿನ ಹಿಂದ, ತೌಡಿನ ಹಳೇ ಗೋದಾಮಿನ್ಯಾಗ
ಹುಲಿಗೆಮ್ಮ ಹಲಗಿಗೆ ನೀರು ಚಿಮುಕಿಸಿ ಕಾಗದ ಸುಲೀತಾಳ.
ಕಾಗದ ತತ್ತಿ ಟ್ರೇ ಮಾಡವರಿಗೆ,
ಮೊಳಿ ಅಯಸ್ಕಾಂತಕ್ಕ,
ಎಣ್ಣಿ ಬಣ್ಣ ಬಡದದ್ದು ಆಕಡೆ, ಬೂಸರು ಹತ್ತಿದ್ದು ಬಿಸಿಲಿಗೆ,
ಸಿಮೆಂಟ್ ತಗಡಿನ ಚೂರು ಕಂಡ್ರ ಮುಟ್ಟಂಗಿಲ್ಲ, ಮುಟ್ಟಗೊಡಂಗಿಲ್ಲ.
"ಇಷ್ಟ್ಯಾಕ ಮಡಿ? ಹಳ್ಳಕ್ಕ ಸುರುವಿದ್ರ ಮುಗೀತಲ್ಲ" ಅಂದೆ.
"ಸುರುವಿ ನೋಡ್ರಿ. ಮಳಿ ಬಿದ್ದು, ಕಸ ಕೂಡಿ,
ಕೊಳೆತ ತತ್ತಿ ನಾತ ಓಣಿಗೆಲ್ಲ.
ಇದು ಸತ್ತ ಕಲ್ಲಲ್ಲ ಶಾಮೀದಣ್ಣ,
ನೀರು ಕುಡಿಯೋ ಕಲ್ಲು."

ಖರೇ. ಇಪ್ಪತ್ತಾರು ವರ್ಷ ಕಲಸೀನಿ ಈ ಹಿಟ್ಟು.
ಸುಟ್ರ ಒಳಗಿನ ನೀರು ಬಿಟ್ಟು ಹಿಟ್ಟಾಗತೈತಿ,
ನೀರು ಕೊಟ್ರ ಮತ್ತ ಕಲ್ಲಾಗತೈತಿ.
ಹಾಂಗ ಆಗುವಾಗ ಬೋಗಣಿ ಬೆಚ್ಚಗ,
ಜ್ವರ ಬಂದ ಹಣಿಯಂಗ.
ಕೈ ಮುರಕೊಂಡು ಪಟ್ಟಿ ಹಾಕಿಸಿಕೊಂಡವರನ್ನ ಕೇಳ್ರಿ,
ಆ ಬಿಸಿ ಅವರಿಗೆ ಗೊತ್ತು.

ಗುಲಾಬಿ ಕಡೀಕ ಉಳೀತು.
ಗಿರಣಿ ಬಾಯಿ ಮುಂದ ಹಿಡಕೊಂಡು ನಿಂತೆ.
"ಬೇಕಂದ್ರ ಮನಿಗೆ ಒಯ್ರಿ" ಅಂದಳು ಹುಲಿಗೆಮ್ಮ.
ಮನ್ಯಾಗ ತಪ್ಪು ಕಡಿಮಿ ಅದಾವೇನು?
ಹಾಕಿದೆ. ಟಕ್ ಅಂತು ಒಮ್ಮೆ.
ಆಮ್ಯಾಲ ಜರಡಿ ಕೆಳಗ ಯಾವುದು ಹೂವು, ಯಾವುದು ಹಲಗಿ,
ಯಾವುದು ಕೊರತಿ, ಯಾವುದು ಮುಚ್ಚಿದ್ದು,
ಅಲ್ಲಾಗ ಗೊತ್ತು.

ಕಾರಟಗಿ ಕಡೆ ಕ್ಯಾಂಪಿನಿಂದ ವೆಂಕಾಯಮ್ಮ ಬಂದಳು,
ಟ್ರ್ಯಾಕ್ಟರು, ಮಣ್ಣು ಪರೀಕ್ಷಿ ಚೀಟಿ, ಒಂದು ಸಂಶಯ ತಗೊಂಡು.
ಕಾಲುವಿ ನೀರು ಹೆಚ್ಚಾಗಿ ಸವಳು ಹಿಡದೈತಿ ಆಕಿ ನೆಲ,
ಬೆಳಗಾದ್ರ ಬೆಳ್ಳಗ, ಸುಣ್ಣ ಬಳದ ಗ್ವಾಡಿ ಮಲಗಿದಂಗ.
ಚಿಟಿಕಿ ಹಿಡಿದು ತಿಕ್ಕಿ ಮೂಸಿದಳು:
"ಅದೂ ಬಿಳುಪು, ಇದೂ ಬಿಳುಪು. ಬಿಳುಪಿಗೆ ಬಿಳುಪು ಮದ್ದಾ?"
ಹೌದವ್ವ. ಇದು ಉಪ್ಪನ್ನ ಎಬ್ಬಿಸಿ ತಾ ಕೂಡತೈತಿ,
ಆಮ್ಯಾಲ ನೀರು ಬಿಟ್ಟು ಉಪ್ಪನ್ನ ಬಸಿಗಾಲುವಿಗೆ ದಾಟಿಸಬೇಕು.
ಅಷ್ಟು ಕೆಲಸ ನಿಂದು.

ತೂಕ ಆತು. ದುಡ್ಡು ಎಣಿಸಿದಳು.
ನಾನು ಸುಮ್ಮನ ಎರಡು ಬುಟ್ಟಿ ಹೆಚ್ಚಿಗಿ ಸುರುವಿದೆ.
"ಇದ್ಯಾಕೆ?"
ಹಳೇ ಬಾಕಿ.
"ನಿನ್ನ ಮುಖ ಇವತ್ತೇ ನೋಡಿದ್ದು ನಾನು. ನಂಗ್ಯಾವ ಬಾಕಿ?"

ಏನಂತ ಹೇಳಲಿ. ಯಾರಿಗೆ ಕೊಡಬೇಕಂತ ನನಗೂ ಗೊತ್ತಿದ್ದಿಲ್ಲ.

ಆಕಿ ನಂಬಲಿಲ್ಲ.
ಟ್ರಾಲಿ ತಿರುಗಿಸಿ
ಮತ್ತೊಮ್ಮೆ ತೂಗಿಸಿದಳು.