ಹೊಟ್ಟ್ಯಾಗ ಹಾಕ್ಕೋರಿ

ಬೆಳಗಿನ ಏಳೂವರೆಯ ಫೆರಿಗೆ
ದಿವಾಡಿಯ ದಡದಲ್ಲಿ ಮೊದಲು ಕಾಣುತ್ತಿದ್ದುದು ಕೊಡೆ,
ಆಮೇಲೆ ಅವರು: ಎಫಿಜೇನಿಯಾ ಕುಲಾಸೊ,
ಕೈಯಲ್ಲಿ ಊಟದ ಡಬ್ಬಿ, ಬಗಲಲ್ಲಿ ದಾರ ಕಟ್ಟಿದ ಕಡತ.
ಹಗ್ಗ ಬಿಚ್ಚುವವನಿಗೆ ಅವರದು ಒಂದೇ ಆಜ್ಞೆ,
ನನಗಾಗಿ ಕಾಯಬೇಡ.
ಒಮ್ಮೆ ಹತ್ತು ಹೆಜ್ಜೆ ತಡವಾಗಿ ಬಂದು
ನೀರು ಅಗಲವಾಗುತ್ತ ಹೋದದ್ದನ್ನು
ನಿಂತೇ ನೋಡಿದರಂತೆ,
ಯಾರದೋ ಅಹವಾಲು ಕೇಳುವ ಹಾಗೆ.

ನಾನು ಷಣ್ಮುಖಪ್ಪ, ರೋಣದ ಕಡೆಯವನು,
ವಾಸ್ಕೋದ ಕೋರ್ಟಿನಲ್ಲಿ ದುಭಾಷಿ.
ಬೈನಾದ, ಝುವಾರಿನಗರದ ಗಾರೆ ಮಂದಿ ಕಟಕಟೆ ಹತ್ತಿದರೆ
ಅವರ ಮಾತು ನನ್ನ ಕಿವಿಯಲ್ಲಿ ಹೊಕ್ಕು
ಬಾಯಲ್ಲಿ ಇಂಗ್ಲಿಷಾಗಿ ಹೊರಬೀಳಬೇಕು.
ದಿನಗೂಲಿ. ನಾಲಿಗೆಗೆ.

ಸಣ್ಣ ಸೀಮೆ. ಆಗ ಎರಡೇ ಜಿಲ್ಲೆ.
ಕೇಪೆ, ಡಿಚೋಲಿ, ಮಾಪ್ಸಾ, ವಾಸ್ಕೋ:
ವರ್ಗವೆಂದರೆ ಬಸ್ಸು ಬದಲಾಗುವುದು ಅಷ್ಟೆ,
ರಾತ್ರಿ ಮಲಗುವುದು ಅದೇ ದ್ವೀಪದಲ್ಲಿ.
ಅಲ್ಲಿ ಎಲ್ಲರೂ ಎಲ್ಲರಿಗೂ ಏನಾದರೂ ಆಗಬೇಕು,
ವಾದಿ ಅತ್ತೆಯ ಮೈದುನ,
ಪ್ರತಿವಾದಿ ಜ್ಞಾನಸ್ನಾನದಲ್ಲಿ ಎತ್ತಿಕೊಂಡವನು.
ಹೀಗಾಗಿ ಒಂದೊಂದೇ ಬಿಟ್ಟರು.
ಮದುವೆ ಬಿಟ್ಟರು, ಹಬ್ಬದೂಟ ಬಿಟ್ಟರು,
ಬೊಂದೆರಾಮಿನ ಬಾವುಟಗಳನ್ನು ಕಿಟಕಿಯಿಂದ ಎಣಿಸಿದರು.
ಗಜನಿ ಗದ್ದೆಯ ತೂಬಿನ ದಾವೆ ಬಂದಾಗ
ಮೀನಿನ ಸೆರಾಫಿನಾಳ ಬುಟ್ಟಿಯಿಂದ
ನಾಲ್ಕು ವರ್ಷ ಬಂಗುಡೆ ಕೊಳ್ಳಲಿಲ್ಲ.
ತೀರ್ಪು ಅವಳ ಕಡೆಗೇ ಆಯಿತು.
ಆಮೇಲಂತೂ ಕೊಳ್ಳಲೇ ಇಲ್ಲ.

ಹುಲಿಗೆವ್ವ.
ಈ ಹೆಸರಿಗೆ ಇವತ್ತಿಗೂ ಬಾಯಿ ಒಣಗುತ್ತದೆ.
ಹಡಗುಕಟ್ಟೆಯ ತಾಮ್ರದ ತಂತಿ, ಒಂಬತ್ತು ಕಿಲೊ,
ಗುಡಿಸಲ ಹಿಂದೆ ಸಿಕ್ಕಿತ್ತು.
ಒಪ್ಪುತ್ತೀಯೇನು, ಕೇಳಿದೆ.
ಸೆರಗು ಎಳೆದುಕೊಂಡು, ನನ್ನನ್ನಲ್ಲ, ಪೀಠವನ್ನು ನೋಡಿ ಅಂದಳು:
‘ಏನಾರ ಆಗಿದ್ರ ಹೊಟ್ಟ್ಯಾಗ ಹಾಕ್ಕೋರಿ, ತಾಯಿ.’

ಸಂತೆಯಲ್ಲಿ ಕಾಲು ತುಳಿದರೆ ನಾವು ಅನ್ನುವ ಮಾತು.
ಬೀಗರ ಮನೆಯಿಂದ ಹೊರಡುವಾಗ
ಏನೂ ತಪ್ಪಾಗದೆಯೂ ಅನ್ನುವ ಮಾತು.
ಗೊತ್ತಿತ್ತು ನನಗೆ.
ಗಡಿಯಾರದಲ್ಲಿ ಒಂದಕ್ಕೆ ಮೂರು ನಿಮಿಷ, ಹಸಿವೆ.
‘ತಪ್ಪೊಪ್ಪಿಕೊಂಡಿದ್ದಾಳೆ’ ಅಂದೆ.
ಟೈಪಿನ ಯಂತ್ರ ಟಕಟಕ ಅಂದಿತು. ಮೂರು ತಿಂಗಳು.

ಹನ್ನೊಂದು ವರ್ಷ ನುಂಗಿಕೊಂಡಿದ್ದೆ.
ಅವರು ಪಣಜಿಗೆ ಜಿಲ್ಲಾ ನ್ಯಾಯಾಧೀಶರಾಗಿ ಬಂದ ವರ್ಷ
ಬೇಕೆಂದೇ ಆ ಫೆರಿ ಹತ್ತಿ
ಮಾಂಡವಿಯ ನಡುನೀರಿನಲ್ಲಿ ಹೇಳಿದೆ.
ಬೈಯಲಿಲ್ಲ. ‘ಅವಳು ಅಂದದ್ದನ್ನೇ ಅನ್ನು’ ಅಂದರು.
ಅಂದೆ.
‘ಒಂದೊಂದೇ ಪದ.’
ಹೊಟ್ಟೆ. ಒಳಗೆ. ಹಾಕಿಕೊಳ್ಳಿ. ತಾಯಿ.
ದಡ ಬಂತು, ಬೈಕುಗಳು ಇಳಿದವು, ಕಾಯಿಪಲ್ಲೆಯವರು ಇಳಿದರು.
ನಾವು ಇಳಿಯಲಿಲ್ಲ. ಅದೇ ಫೆರಿಯಲ್ಲಿ
ದ್ವೀಪಕ್ಕೆ ಹೋಗಿ, ಮತ್ತೆ ಬಂದೆವು.
ಅವತ್ತು ಕೋರ್ಟು ತಡವಾಗಿ ಕೂತಿತು.

ಕಡತ ಕೇಳಿದರು: ಅವಧಿ ಮುಗಿದು ನಾಶಪಡಿಸಿದೆ, ಎಂದು ಚೀಟಿ ಬಂತು.
ಅವಳನ್ನು ಹುಡುಕಿಸಿದರು: ಹುಲಿಗೆವ್ವರು ಏಳು ಮಂದಿ ಸಿಕ್ಕರು,
ಯಾರೂ ಅವಳಲ್ಲ, ಅಥವಾ
ಯಾರೂ ಅವಳಾಗಲು ಒಪ್ಪಲಿಲ್ಲ.
ಅಲ್ಲಿಂದ ಅವರ ಕೋರ್ಟಿನಲ್ಲಿ ಹೊಸ ರೂಢಿ:
ಆಡಿದ ಮಾತು ಆಡಿದ ಹಾಗೆ ಮೊದಲು, ಅರ್ಥ ಆಮೇಲೆ.
ವಕೀಲರು ಗೊಣಗಿದರು, ಕಾಗದ ದುಪ್ಪಟ್ಟಾಯಿತು.
ಹೈಕೋರ್ಟಿಗೆ ಹೆಸರು ಹೋಗಿತ್ತು ಅನ್ನುತ್ತಾರೆ,
‘ಬಾಕಿ ಪ್ರಕರಣ ಹೆಚ್ಚು’ ಎಂಬ ಷರಾ ಹೊತ್ತು ಮರಳಿತಂತೆ.
ಅದರ ಬಗ್ಗೆ ಅವರು ಯಾವತ್ತೂ ಮಾತಾಡಲಿಲ್ಲ.
ನನ್ನ ಹತ್ತಿರವಂತೂ.

ಬೀಳ್ಕೊಡುಗೆಯಲ್ಲಿ ಜವಾನರನ್ನೂ ಹೆಸರಿಡಿದು ನೆನೆದರು,
ನನ್ನನ್ನು ಬಿಟ್ಟು.
ಚಹಾ ಮುಗಿದು ಮಂದಿ ಕರಗಿದ ಮೇಲೆ
ಖಾಲಿ ಕಟಕಟೆಯ ಕಂಬಿಗೆ ಕೈಯಿಟ್ಟು
ಕೊಂಕಣಿ ಎಳೆತದಲ್ಲಿ, ‘ಹೊಟ್ಟ್ಯಾಗ’ ಎಂಬಲ್ಲಿ ಎಡವುತ್ತ,
ಆ ವಾಕ್ಯ ಪೂರ್ತಿ ಅಂದರು.
ಬಾಗಿಲಲ್ಲಿ ನಾನಿದ್ದೆ.
ಯಾರೂ ಅರ್ಥ ಕೇಳಲಿಲ್ಲ.

ಮೊನ್ನೆ ದಿವಾಡಿಗೆ ಹೋಗಿದ್ದೆ.
ಸೆರಾಫಿನಾ ಈಗಿಲ್ಲ, ಬುಟ್ಟಿ ಮಗಳ ತಲೆಯ ಮೇಲೆ.
ಇಗರ್ಜಿಯ ಇಳಿಜಾರಿನಲ್ಲಿ ಅವಳನ್ನು ತಡೆದು,
ಆರು ಬಂಗುಡೆಗೆ, ಹತ್ತು ರೂಪಾಯಿಗಾಗಿ,
ಕುಲಾಸೊ ಮೇಡಂ ಬಿಸಿಲಲ್ಲಿ ನಿಂತು ವಾದಿಸಿದರು.
ಸೋತರು.